ಟೋಕಿಯೋ ವಸಂತ: ಹೂವು ಉಚಿತ, ವಸತಿ ದುಬಾರಿ

ದುಬಾರಿ ಮಹಾನಗರಗಳ ಮಾತು ಬಂದಾಗಲೆಲ್ಲ ಟೋಕಿಯೋ ನಗರದ ಹೆಸರು ಕೇಳಿಬರುತ್ತದೆ. ಆದರೆ ಆ ನಗರದ ಪ್ರಧಾನ ಆಕರ್ಷಣೆಯಾದ ವಸಂತದ ಸಕುರಾ ಹೂವುಗಳ ದರ್ಶನಕ್ಕೆ ಹೆಚ್ಚಿನ ವೆಚ್ಚ ತಗಲುವುದಿಲ್ಲ. 1873ರಲ್ಲಿ ಸಾರ್ವಜನಿಕ ಉದ್ಯಾನವೆಂದು ಗೊತ್ತುಪಡಿಸಲಾದ ಉಯೆನೊ, ಮೆಗುರೊ ಹೊಳೆಯ ದಂಡೆ, ಸುಮಿದಾ ನದಿಯ ತೀರ ಇವುಗಳಿಗೆ ಪ್ರವೇಶ ಶುಲ್ಕವೇ ಇಲ್ಲ. ಪ್ರವಾಸಿಯ ಜೇಬಿಗೆ ಕತ್ತರಿ ಬೀಳುವುದು ಹೋಟೆಲಿನ ಕೋಣೆಯಿಂದ.

ಇದಕ್ಕೆ ಕಾರಣವೂ ಸಕುರಾವೇ. ನಗರದಲ್ಲಿ ಹೆಚ್ಚಾಗಿರುವ ಸೊಮೆಯಿ ಯೊಶಿನೊ ಮರಗಳು ಕಸಿಯಿಂದ ಬೆಳೆಸಿದ ಒಂದೇ ಮರದ ಪ್ರತಿರೂಪಗಳು. ಆದ್ದರಿಂದ ಒಟ್ಟಿಗೆ ಅರಳಿ ಒಟ್ಟಿಗೆ ಉದುರುತ್ತವೆ. ಯಾಸುಕುನಿ ದೇಗುಲದ ಮಾದರಿ ಮರದಲ್ಲಿ ಐದಾರು ಹೂವು ಬಿಟ್ಟೊಡನೆ ಹವಾಮಾನ ಇಲಾಖೆಯು ಋತುವಿನ ಆರಂಭವನ್ನು ಸಾರುತ್ತದೆ. ಅಲ್ಲಿಂದ ಸುಮಾರು ಒಂದು ವಾರಕ್ಕೆ ಪೂರ್ಣ ಅರಳು. ಬಳಿಕ ಗಾಳಿ ಮಳೆ ಬಂದರೆ ಕೆಲವೇ ದಿನಗಳಲ್ಲಿ ಮುಗಿಯಿತು. ಬೇಡಿಕೆಯೆಲ್ಲ ಈ ಅಲ್ಪಾವಧಿಯಲ್ಲೇ ಮುಗಿಬೀಳುವುದರಿಂದ ಬಾಡಿಗೆ ಏರುತ್ತದೆ.

ದಿನಾಂಕವಾದರೂ ಖಚಿತವೇ? 2023ರಲ್ಲಿ ಮಾರ್ಚ್ 14ರಂದೇ ಹೂವು ಬಿಟ್ಟರೆ, 2024ರಲ್ಲಿ ಮಾರ್ಚ್ 29ರವರೆಗೆ ಕಾಯಬೇಕಾಯಿತು. ತಿಂಗಳುಗಳ ಮೊದಲೇ ಏರಿದ ದರದಲ್ಲಿ ಕೋಣೆ ಕಾದಿರಿಸುವುದೆಂದರೆ ಸರಕು ನೋಡದೆ ಮುಂಗಡ ಕೊಟ್ಟಂತೆಯೇ ಸರಿ.

ಲೆಕ್ಕಾಚಾರದ ಪ್ರವಾಸಿಗೆ ಏಪ್ರಿಲ್ ಮಧ್ಯಭಾಗವು ಹೆಚ್ಚು ಅನುಕೂಲ. ಆಗ ಬಹುದಳದ ಸಕುರಾ ತಳಿಗಳು ಅರಳುತ್ತವೆ. ಶಿಂಜುಕು ಗ್ಯೋಎನ್ ಉದ್ಯಾನದಲ್ಲಿ ಇಂತಹ ತಳಿಗಳು ಹೇರಳ. ಏಪ್ರಿಲ್ 29ರಿಂದ ಆರಂಭವಾಗುವ ‘ಗೋಲ್ಡನ್ ವೀಕ್’ ರಜೆಗಳಿಗೆ ಮೊದಲೇ ಹಿಂದಿರುಗುವುದು ಕ್ಷೇಮ. ಆ ವಾರ ಜಪಾನೀಯರೇ ಪ್ರವಾಸ ಹೊರಡುತ್ತಾರೆ. ಸಸ್ಯಾಹಾರಿಗಳು ಗಮನಿಸಬೇಕಾದುದೆಂದರೆ, ಅಲ್ಲಿನ ಅನೇಕ ಸಾರುಗಳಿಗೆ ಮೀನಿನ ರಸವೇ ಆಧಾರ. ವಿಚಾರಿಸಿಯೇ ಊಟಕ್ಕೆ ಕೂರಬೇಕು.

ವರ್ತಕರ ಕಣ್ಣಿಗೆ ಬೀಳುವ ವಿಷಯಗಳೂ ಅಲ್ಲಿವೆ. ಉಯೆನೊ ಮತ್ತು ಅಸಾಕುಸಾ ನಡುವಿನ ಕಪ್ಪಾಬಾಶಿ ಬೀದಿಯು ಹೋಟೆಲ್ ಪಾತ್ರೆ, ಚಾಕು ಹಾಗೂ ಪ್ರದರ್ಶನಕ್ಕಿಡುವ ಕೃತಕ ತಿನಿಸುಗಳ ಪೇಟೆ. ಸುಮಿದಾ ತೀರದ ಚೊಮೆಯಿಜಿ ದೇಗುಲದ ಕಾವಲುಗಾರನೊಬ್ಬನು 1717ರಲ್ಲಿ, ಗುಡಿಸಿ ಮುಗಿಯದಷ್ಟು ಉದುರುತ್ತಿದ್ದ ಸಕುರಾ ಎಲೆಗಳನ್ನು ಉಪ್ಪಿನಲ್ಲಿ ನೆನೆಸಿ, ಅದರಲ್ಲಿ ಸಿಹಿ ಹೂರಣದ ತಿಂಡಿಯನ್ನು ಸುತ್ತಿ ಮಾರತೊಡಗಿದನೆಂದು ಪ್ರತೀತಿ. ‘ಸಕುರಾ ಮೋಚಿ’ ಎಂಬ ಆ ತಿಂಡಿ ಮೂರು ಶತಮಾನಗಳ ನಂತರವೂ ವಸಂತದಲ್ಲಿ ಬಿಕರಿಯಾಗುತ್ತಿದೆ. ಹೂವು ಕೆಲವೇ ದಿನಗಳದು. ಉಪ್ಪಿನಲ್ಲಿಟ್ಟ ಎಲೆಗೆ ಮಾತ್ರ ಆ ಅವಸರವಿಲ್ಲ.