ಟೈಗಾ ಕಾಡಿನ ಹಕ್ಕಿ, ಹಾವೇರಿಯ ಕೆರೆದಂಡೆ

ಬ್ಯಾಡಗಿ ಸೀಮೆಯ ಎರೆಹೊಲಗಳಲ್ಲಿ ಮೆಣಸಿನ ಸಸಿ ಬೇರೂರುವ ಆಗಸ್ಟ್ ಹೊತ್ತಿಗೆ ಹಳ್ಳ, ಕಾಲುವೆ, ಕೆರೆಯಂಚುಗಳಿಗೆ ಪುಟ್ಟ ಹಕ್ಕಿಯೊಂದು ಬಂದಿಳಿಯುತ್ತದೆ. ಇದರ ಹೆಸರು ಹಸಿರು ಗದ್ದೆಗೊರವ. ತೂಕ ಸುಮಾರು 75 ಗ್ರಾಂ. ಬೆನ್ನು ಕಪ್ಪುಗಂದು, ಹೊಟ್ಟೆ ಬಿಳಿ, ಕಾಲು ಮಾಸಲು ಹಸಿರು. ಇದು ಹುಟ್ಟಿದ್ದು ಇಲ್ಲಿಂದ ನಾಲ್ಕೈದು ಸಾವಿರ ಕಿಲೋಮೀಟರ್ ಉತ್ತರದ ಟೈಗಾ ಕಾಡಿನಲ್ಲಿ.

ಸ್ಕ್ಯಾಂಡಿನೇವಿಯಾದಿಂದ ಸೈಬೀರಿಯಾದ ಪೂರ್ವದಂಚಿನವರೆಗೆ, ಮತ್ತೆ ಕೆನಡಾ, ಅಲಾಸ್ಕಗಳಲ್ಲಿ ಹಬ್ಬಿರುವ ಟೈಗಾ ಭೂಮಿಯ ಅತಿ ದೊಡ್ಡ ಅರಣ್ಯಪಟ್ಟಿ. ಸ್ಪ್ರೂಸ್, ಪೈನ್, ಲಾರ್ಚ್, ಬರ್ಚ್ ಅಲ್ಲಿನ ಮುಖ್ಯ ಮರಗಳು. ಸ್ಪ್ರೂಸ್ ಗೋಪುರದಂತೆ ಮೇಲಕ್ಕೆ ಮೊನಚಾಗುತ್ತ ಹೋಗುವುದರಿಂದ ಹಿಮ ಕೊಂಬೆಗಳ ಮೇಲೆ ನಿಲ್ಲದೆ ಜಾರುತ್ತದೆ. ಮೇಣ ಸವರಿದಂತಿರುವ ಅದರ ಸೂಜಿ ಎಲೆಗಳು ನೀರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಲಾರ್ಚ್ ಮಾತ್ರ ಚಳಿಗಾಲಕ್ಕೆ ಮುನ್ನ ಸೂಜಿಗಳನ್ನೆಲ್ಲ ಉದುರಿಸಿಬಿಡುತ್ತದೆ.

ಸೈಬೀರಿಯಾದ ಬಹುಭಾಗದಲ್ಲಿ ನೆಲದಾಳ ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಬೇಸಿಗೆಯಲ್ಲಿ ಕರಗಿದ ಹಿಮದ ನೀರು ಇಂಗಲು ಜಾಗವಿಲ್ಲದೆ ಮರಗಳ ಬುಡದಲ್ಲೇ ನಿಂತು ಕಾಡು ಜವುಗಾಗುತ್ತದೆ. ಅದರ ಮೇಲೆ ದಿನದ ಹದಿನೆಂಟು, ಇಪ್ಪತ್ತು ಗಂಟೆ ಬೆಳಕು. ಸೊಳ್ಳೆ, ನುಸಿ, ನೀರುಹುಳುಗಳು ಲೆಕ್ಕವಿಲ್ಲದಷ್ಟು ಹುಟ್ಟುತ್ತವೆ. ಗದ್ದೆಗೊರವ ಮರಿ ಮಾಡುವುದು ಆಗಲೇ.

ಮರಿ ಮಾಡುವ ರೀತಿಯೂ ವಿಶೇಷವಾದದ್ದು. ನೀರಂಚಿನಲ್ಲಿ ಮೇಯುವ ಅದರ ನೆಂಟರೆಲ್ಲ ಬಹುಮಟ್ಟಿಗೆ ನೆಲದ ಮೇಲೆಯೇ ಮೊಟ್ಟೆಯಿಟ್ಟರೆ, ಇದು ಮರ ಹತ್ತುತ್ತದೆ. ಥ್ರಷ್ ಹಕ್ಕಿ ಬಿಟ್ಟುಹೋದ ಹಳೆಯ ಗೂಡನ್ನೋ ಅಳಿಲಿನ ಗೂಡನ್ನೋ ಹುಡುಕಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮೂರು ವಾರಗಳಲ್ಲಿ ಮರಿಗಳು ಹೊರಬರುತ್ತವೆ. ರೆಕ್ಕೆ ಬಲಿಯುವ ಮೊದಲೇ ಅವು ಗೂಡಿನಿಂದ ಕೆಳಕ್ಕೆ ಧುಮುಕುತ್ತವೆ. ಮೈ ಹಗುರ, ಮೈತುಂಬ ದಟ್ಟ ತುಪ್ಪುಳು, ಕೆಳಗೆ ಪಾಚಿಯ ಮೆತ್ತನೆ ನೆಲ, ಹಾಗಾಗಿ ಪೆಟ್ಟಾಗುವುದಿಲ್ಲ. ಅಂದಿನಿಂದಲೇ ತಮ್ಮ ಆಹಾರವನ್ನು ತಾವೇ ಹೆಕ್ಕತೊಡಗುತ್ತವೆ.

ಹೆಣ್ಣು ಬೇಗ ದಕ್ಷಿಣಕ್ಕೆ ಹೊರಟುಬಿಡುತ್ತದೆ, ಮರಿಗಳ ಕಾವಲು ಗಂಡಿನದು. ಮರಿಗಳು ಹೊರಡುವುದು ದೊಡ್ಡವುಗಳ ನಂತರ. ಎಂದೂ ಕಾಣದ ನಾಡಿನ ದಿಕ್ಕು ಅವುಗಳಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಅವು ಹೊರಡಲು ಚಳಿಗಿಂತ ಹಸಿವು ದೊಡ್ಡ ಕಾರಣ. ಜವುಗು ಹೆಪ್ಪುಗಟ್ಟಿದರೆ ಕೊಕ್ಕು ಇಳಿಯುವುದಿಲ್ಲ, ಹುಳು ಸಿಗುವುದಿಲ್ಲ.

ಇಲ್ಲಿ, ನಮ್ಮ ಕೆರೆದಂಡೆಗಳಲ್ಲಿ, ಗದ್ದೆಗೊರವ ಹೆಚ್ಚಾಗಿ ಒಂಟಿಯಾಗಿರುತ್ತದೆ. ಪಾದ ಮುಳುಗುವಷ್ಟೇ ನೀರಿನಲ್ಲಿ ಹೆಜ್ಜೆಯಿಟ್ಟು, ಬಾಲವನ್ನು ಮೇಲೆ ಕೆಳಗೆ ಕುಣಿಸುತ್ತ, ಕೆಸರಿನ ಹುಳು, ಸಣ್ಣ ಬಸವನಹುಳುಗಳನ್ನು ಹೆಕ್ಕುತ್ತದೆ. ಬೆದರಿದರೆ ಚುರುಕಾಗಿ ಕೂಗಿ ಅಂಕುಡೊಂಕಾಗಿ ಹಾರುತ್ತದೆ. ಆಗ ಬಾಲದ ಬುಡದ ಅಚ್ಚಬಿಳಿ ಮತ್ತು ರೆಕ್ಕೆಯಡಿಯ ಕಪ್ಪನ್ನು ಗಮನಿಸಿ. ಜೊತೆಯಲ್ಲೇ ಕಾಣುವ ಇನ್ನೊಂದು ಉತ್ತರದ ಅತಿಥಿ ಅಡವಿ ಗದ್ದೆಗೊರವಕ್ಕೆ ರೆಕ್ಕೆಯಡಿ ಮಾಸಲು ಬಣ್ಣ, ಬೆನ್ನ ಮೇಲೆ ಚುಕ್ಕೆ ಜಾಸ್ತಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲಗಳು ತುಂಬಿರುವ ಮಾರ್ಚ್, ಏಪ್ರಿಲ್‌ನಲ್ಲಿ ಇವು ಉತ್ತರಕ್ಕೆ ಮರಳುತ್ತವೆ.

ಹಾವೇರಿ ಜಿಲ್ಲೆಯ ವನ್ಯಜೀವಿ ಎಂದರೆ ರಾಣೆಬೆನ್ನೂರಿನ ಕೃಷ್ಣಮೃಗವೇ ಮೊದಲು ನೆನಪಾಗುವುದು. ಅದಕ್ಕೆ 1974ರಲ್ಲಿ ಘೋಷಣೆಯಾದ 119 ಚದರ ಕಿಲೋಮೀಟರ್ ಅಭಯಾರಣ್ಯವಿದೆ. ಗದ್ದೆಗೊರವಕ್ಕೆ ಇರುವುದು ಊರೂರಿನ ಕೆರೆಯಂಗಳ, ಕೋಡಿಯ ಕೆಳಗಿನ ಹಳ್ಳ, ತೂಬಿನ ಬಳಿಯ ಕೆಸರು ಮಾತ್ರ. ಸುತ್ತಲೂ ಕಡಿದಾಗಿ ಕಲ್ಲು ಕಟ್ಟಿದ ಕೆರೆಯಾಗಲಿ, ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡವಾಗಲಿ ನೀರು ಹಿಡಿದರೂ ಈ ಹಕ್ಕಿಗೆ ಕಾಲೂರಲು ಜಾಗ ಕೊಡುವುದಿಲ್ಲ.

ಹೂಳೆತ್ತುವುದು ಬೇಡವೆಂದಲ್ಲ, ಕೆರೆ ತುಂಬಬೇಕು, ರೈತನಿಗೆ ನೀರು ಸಿಗಬೇಕು. ಆದರೆ ಏರಿಯ ಎದುರಿನ ಒಂದು ಬದಿಯನ್ನಾದರೂ ಇಳಿಜಾರಾಗಿ, ಮಣ್ಣಾಗಿ, ಜೊಂಡು ಬೆಳೆಯಲು ಬಿಡಿ. ಗ್ರಾಮ ಪಂಚಾಯಿತಿಗಳು ಕೆರೆ ಕಾಮಗಾರಿಯ ಅಂದಾಜುಪಟ್ಟಿ ಬರೆಯುವಾಗಲೇ ಇದನ್ನು ಸೇರಿಸಲಿ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ.