ಕಾಡಿಗೆ ಹೊರಟಾಗ ಕಟ್ಟುವ ಬುತ್ತಿ

ಮಕ್ಕಳಿಗೆ ರಜೆ ಬಂತೆಂದರೆ ಮನೆಯಲ್ಲಿ ಒಂದೇ ರಾಗ, "ಎಲ್ಲಿಗಾದರೂ ಹೋಗೋಣಮ್ಮಾ!" ಮದುವೆ, ಮುಂಜಿ, ತವರೂರು ಬಿಟ್ಟರೆ ನಮಗೆಲ್ಲಿಯ ಪ್ರವಾಸ ಎನ್ನುತ್ತೀರಾ? ಈ ಸಲ ನಿಮ್ಮ ಯಜಮಾನರ ಮುಂದೆ ದಾಂಡೇಲಿಯ ಹೆಸರೆತ್ತಿ ನೋಡಿ. ಹುಬ್ಬಳ್ಳಿ, ಧಾರವಾಡದ ಕಡೆಯವರಿಗಂತೂ ಹಳಿಯಾಳ ದಾಟಿದರೆ ಕಾಡು ಬಂದೇಬಿಟ್ಟಿತು.

ದಾಂಡೇಲಿ ವನ್ಯಧಾಮವಾದದ್ದು 1956ರಲ್ಲಿ. ಅದೂ, ಜೋಯಿಡಾ ತಾಲೂಕಿನ ಅಣಶಿ ರಾಷ್ಟ್ರೀಯ ಉದ್ಯಾನವೂ ಕೂಡಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರಿಟ್ಟರು. "ಹುಲಿ ಕಾಣುತ್ತದೆಯೇ?" ಎಂದು ಮಕ್ಕಳು ಕೇಳದೆ ಬಿಡುವುದಿಲ್ಲ. ಹುಲಿ ನೆಂಟರಂತೆ ಹೇಳಿಕಳಿಸಿ ಬರುವುದಿಲ್ಲ ಎಂದು ಹೊರಡುವ ಮೊದಲೇ ಹೇಳಿಬಿಡಿ. ಆಗ ಕಂಡದ್ದೆಲ್ಲ ಲಾಭ!

ಮಂಗಟ್ಟೆ ಹಕ್ಕಿಯನ್ನಂತೂ ತಪ್ಪದೆ ತೋರಿಸಿ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಹಕ್ಕಿ ಮರದ ಪೊಟರೆ ಹೊಕ್ಕು ಬಾಗಿಲು ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ಹಿಡಿಸುವಷ್ಟು ಸಂದು ಮಾತ್ರ. ಗಂಡು ಹೊರಗಿನಿಂದ ಹಣ್ಣು ತಂದು ತಂದು ಉಣಿಸಬೇಕು. ಗಂಡು ಬಾರದೆ ಹೋದರೆ ಒಳಗಿನ ಬಾಣಂತಿಗೂ ಮರಿಗಳಿಗೂ ಉಪವಾಸವೇ ಗತಿ. ಈ ಕಥೆ ಕೇಳಿದ ಮೇಲೆ ನಮ್ಮ ಮನೆಯವರು ಹಾರ್ನ್ ಒತ್ತುವುದನ್ನೇ ಬಿಟ್ಟರು!

ಗಣೇಶಗುಡಿಯ ಬಳಿ ಸೂಪಾ ಅಣೆಕಟ್ಟು ಇದೆ. ಎತ್ತರ 101 ಮೀಟರ್. ನೀರು ನೋಡಿ ಮಕ್ಕಳು ಕುಣಿದಾರು. ಆದರೆ ಆ ನೀರಿನಡಿ ಹಳೆಯ ಸೂಪಾ ಊರೇ ಮಲಗಿದೆ. ಎಷ್ಟು ಹೊಸ್ತಿಲು, ಎಷ್ಟು ತುಳಸಿಕಟ್ಟೆ! ಅದನ್ನೂ ಒಂದು ಮಾತು ಹೇಳಿ. ಮುಂದೆ ಹೋದರೆ ಚನ್ನಬಸವಣ್ಣನವರ ಸಮಾಧಿಯಿರುವ ಉಳವಿ. ಮರಳುವಾಗ ಸುತ್ತಾದರೂ ಸರಿ, ಮುಂಡಗೋಡಕ್ಕೆ ಹೋಗಿಬನ್ನಿ. 1966ರಿಂದ ಅಲ್ಲಿ ನೆಲೆಸಿರುವ ಟಿಬೆಟಿಯನ್ನರ ಮಂದಿರಗಳಿವೆ, ಅತ್ತಿವೇರಿಯಲ್ಲಿ ಪಕ್ಷಿಧಾಮವಿದೆ. ಮಳೆಗಾಲ ಮಾತ್ರ ಬೇಡ, ಜಿಗಣೆಯ ಕಾಟ.

ಈಗ ಬುತ್ತಿಯ ಮಾತು. ಚಪಾತಿ, ಶೇಂಗಾ ಚಟ್ನಿಪುಡಿ, ಮೊಸರನ್ನ ಧಾರಾಳವಾಗಿ ಕಟ್ಟಿಕೊಳ್ಳಿ. ತಿರುವು ದಾರಿಯಲ್ಲಿ ವಾಂತಿ ಬರುವ ಮಕ್ಕಳಿಗೆ ನಿಂಬೆಹಣ್ಣಿರಲಿ. ಆದರೆ ಕಾಡೊಳಗೆ ಬುತ್ತಿ ಬಿಚ್ಚಬೇಡಿ. ಯಾಕೆ ಅಂತೀರಾ? ನಮ್ಮದೇ ತಪ್ಪು, ಹೇಳುತ್ತೇನೆ ಕೇಳಿ.

ಹೋದ ವರ್ಷ ದಾರಿಬದಿಯಲ್ಲಿ ಮುಶ್ಯಗಳ ಹಿಂಡು ಕಂಡಿತು. ಚಿಕ್ಕವನು ಕಿಟಕಿಯಿಂದ ಬಾಳೆಹಣ್ಣು ಚಾಚಿದ. ಒಂದು ಮರಿ ಓಡಿಬಂದು ಕಸಿದುಕೊಂಡಿತು. ನಾವೆಲ್ಲ ನಕ್ಕದ್ದೇ ನಕ್ಕದ್ದು! ಮೂರು ತಾಸಿನ ನಂತರ ಅದೇ ದಾರಿಯಲ್ಲಿ ಮರಳಿದಾಗ, ಯಾವುದೋ ಗಾಡಿಗೆ ಸಿಕ್ಕಿ ಸತ್ತ ಮರಿಯೊಂದು ರಸ್ತೆಯ ಮೇಲಿತ್ತು. ತಾಯಿ ಅದರ ಕೈ ಹಿಡಿದು ಎಳೆಯುತ್ತಿತ್ತು. ಅದೇ ಮರಿಯೋ, ಬೇರೆಯದೋ, ದೇವರೇ ಬಲ್ಲ. "ಅಮ್ಮಾ, ನಾನು ಕೊಟ್ಟದ್ದಕ್ಕೇ ಬಂತಾ?" ಎಂದ ಚಿಕ್ಕವನು. ಏನು ಹೇಳಲಿ? ಕೊಟ್ಟವನು ಅವನು, ಹಣ್ಣು ಸುಲಿದು ಅವನ ಕೈಗಿತ್ತವಳು ನಾನು. ಹಾಗೆಂದೇ ಹೇಳಿದೆ.

ಆದ್ದರಿಂದ ಸೋದರಿಯರೇ, ತಿಂಡಿಯ ಡಬ್ಬಿ ನಿಮ್ಮ ಮಡಿಲಲ್ಲೇ ಇರಲಿ, ಕಿಟಕಿಯ ಗಾಜು ಮೇಲಿರಲಿ. ಸಿಪ್ಪೆ, ಪ್ಲಾಸ್ಟಿಕ್ ಚೀಲ ಮನೆಗೇ ವಾಪಸು ತನ್ನಿ. ಸ್ಟೀರಿಂಗ್ ಹಿಡಿದವರಿಗೆ "ಸ್ವಲ್ಪ ನಿಧಾನ ಹೋಗೋಣ" ಎನ್ನಲು ಸಂಕೋಚ ಬೇಡ. ಕತ್ತಲಾಗುವ ಮೊದಲೇ ಕಾಡು ದಾಟಿ.

ನೆಂಟರ ಮನೆಗೆ ಹೋದಾಗ ಅವರ ಅಡಿಗೆಮನೆಗೆ ನಾವು ಕೈಹಾಕುತ್ತೇವೆಯೇ? ಕಾಡೂ ಒಂದು ಮನೆಯೇ ಅಲ್ಲವೇ?