ಬೇಡಿಕೆಯ ಪಟ್ಟಿಯೂ ಯುದ್ಧವಿಮಾನವೂ

ಜಗಳೂರಿನ ನೆರೆಯ ಚಳ್ಳಕೆರೆ ತಾಲ್ಲೂಕಿನ ಕಾವಲು ಭೂಮಿಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯವರು ಸ್ಥಾಪಿಸಿದ ವಿಮಾನಪರೀಕ್ಷಾ ಕ್ಷೇತ್ರವು 2017ನೆಯ ಇಸವಿ ಮೇ ತಿಂಗಳಲ್ಲಿ ಉದ್ಘಾಟಿತವಾದುದು ವಾಚಕರಿಗೆ ವಿದಿತವೇ ಆಗಿದೆ. ಅದಕ್ಕಾಗಿ 4,000ಕ್ಕೂ ಮಿಕ್ಕ ಎಕರೆ ನೆಲವು ದನಕರುಗಳ ಮೇವಿಗೆ ತಪ್ಪಿ ದೇಶರಕ್ಷಣೆಗೆ ಸಂದಿತು. ಹೀಗೆ ನೆಲವನ್ನು ತೆತ್ತ ಸೀಮೆಯವರಿಗೆ, ಅಲ್ಲಿಂದ ಹಾರಿದ ಯಂತ್ರಗಳ ಗತಿಯೇನಾಯಿತೆಂದು ಕೇಳುವ ಹಕ್ಕುಂಟು.

ಚಾಲಕನಿಲ್ಲದೆ ಹಾರುವ ‘ತಪಸ್’ ವಿಮಾನವು ಅಲ್ಲಿ ಪರೀಕ್ಷೆಗೊಳಗಾಯಿತು. 2023ನೆಯ ಆಗಸ್ಟ್ 20ರಂದು ಅಂಥದೊಂದು ವಿಮಾನವು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿದ್ದುದನ್ನು ಜನರು ಕಣ್ಣಾರೆ ಕಂಡರು. ಆದರೆ ತಪಸ್ಸಿಗೆ ಭಂಗ ಬಂದುದು ಆ ಪತನದಿಂದಲ್ಲ. 30,000 ಅಡಿ ಎತ್ತರ, 24 ಗಂಟೆಗಳ ಹಾರಾಟ, ಇದು ಸೇನೆಗಳವರ ಬೇಡಿಕೆ; ಪರೀಕ್ಷೆಯಲ್ಲಿ ಮುಟ್ಟಿದುದು 28,000 ಅಡಿ, 18 ಗಂಟೆ ಎಂದು ಪ್ರಕಟವಾಯಿತು. ಅಂತಿಮ ತೀರ್ಪನ್ನು ಕೊಟ್ಟುದು ಬೇಡಿಕೆಯ ಪಟ್ಟಿಯೇ ಹೊರತು ನೆಲಕ್ಕೆ ಬಿದ್ದ ವಿಮಾನವಲ್ಲ.

ವಿಮಾನದ ಮೊದಲ ಅಂಗವು ರೆಕ್ಕೆಯೂ ಅಲ್ಲ, ಎಂಜಿನ್ನೂ ಅಲ್ಲ; ಅದು ಈ ಪಟ್ಟಿಯೇ. ಅದರ ಒಂದೊಂದು ಬೇಡಿಕೆಗೂ ಒಂದು ಸಂಖ್ಯೆಯಿರಬೇಕು. ಅದನ್ನು ಪೂರೈಸತಕ್ಕವರಾರು, ಪೂರೈಸಿದುದಕ್ಕೆ ಸಾಕ್ಷ್ಯವು ಲೆಕ್ಕಾಚಾರವೋ, ನೆಲದ ಮೇಲಣ ಪರೀಕ್ಷೆಯೋ, ಹಾರಾಟವೋ ಎಂಬುದು ದಾಖಲೆಯಾಗಬೇಕು. ನಡುವೆ ಏನಾದರೂ ಬದಲಾದರೆ, ಯಾರ ಅಪ್ಪಣೆಯಿಂದ ಬದಲಾಯಿತು, ಅದರಿಂದ ಬೇರೆ ಯಾವ ಅಂಗಗಳು ತಿದ್ದಲ್ಪಡಬೇಕು ಎಂಬುದೂ ತಿಳಿಯಬೇಕು. ಈ ಕಾರ್ಯವನ್ನೇ ಇಂದಿನ ಎಂಜಿನಿಯರುಗಳು ಅಗತ್ಯಗಳ ನಿರ್ವಹಣೆಯೆನ್ನುತ್ತಾರೆ. ನಮ್ಮ ಕಚೇರಿಗಳ ಶಾನುಭೋಗಿಕೆಗೆ ಇದು ಅಪರಿಚಿತವಾದ ಶಿಸ್ತೇನಲ್ಲ.

ಬೆಂಗಳೂರಿನ ‘ತೇಜಸ್’ ಯುದ್ಧವಿಮಾನದ ಕಥೆಯೂ ಇದನ್ನೇ ಸಾರುತ್ತದೆ. ವಾಯುಸೇನೆಯವರ ಬೇಡಿಕೆಯು 1985ರಲ್ಲಿ ಸಿದ್ಧವಾಯಿತು. ಮೊದಲ ಹಾರಾಟವಾದುದು 2001ನೆಯ ಜನವರಿ 4ರಂದು. ಈ ನಡುವೆ ಪ್ರಪಂಚದ ಆಯುಧಗಳೇ ಬದಲಾದುವು. ಆರ್-60 ಕ್ಷಿಪಣಿಯ ಬದಲಿಗೆ ಅದಕ್ಕಿಂತ ಭಾರವಾದ ಆರ್-73 ಬೇಕೆಂದಾಗ ರೆಕ್ಕೆಯನ್ನೇ ಬಲಪಡಿಸಬೇಕಾಯಿತು. ತೊಲೆಯೇರಿದ ಮೇಲೆ ಮಾಳಿಗೆಯನ್ನು ಬೇಡುವ ಮನೆಯೊಡೆಯನಿಗೆ ಗೋಡೆಯ ಖರ್ಚೂ ಬೀಳುವುದಷ್ಟೆ! 2015ರಲ್ಲಿ ಮಹಾಲೇಖಪಾಲರ ವರದಿಯು, ಮೊದಲ ಮಾದರಿಯ ತೇಜಸ್ಸಿಗೆ ಬೇಡಿಕೆಗಳಿಂದ 53 ವಿನಾಯಿತಿಗಳು ದೊರೆತುದನ್ನು ಎತ್ತಿ ತೋರಿಸಿತು. ಆದರೂ 2016ರಲ್ಲಿ ಅದು ಸೇನೆಯನ್ನು ಸೇರಿತು. 2021ರಲ್ಲಿ ಸುಧಾರಿತ ಮಾದರಿಯ 83 ವಿಮಾನಗಳಿಗೆ ಸರ್ಕಾರದವರು ಒಪ್ಪಂದ ಮಾಡಿಕೊಂಡರು. ಇದರಿಂದ ನಮಗೆ ಹೆಮ್ಮೆಯೇ ಹೊರತು ನಿರಾಶೆಯಿಲ್ಲ.

ಶತ್ರುವು ಸುಮ್ಮನೆ ಕುಳಿತಿರುವುದಿಲ್ಲವಾದುದರಿಂದ ಬೇಡಿಕೆಯು ಎಂದಿಗೂ ಬದಲಾಗಕೂಡದೆನ್ನುವುದು ಅವಿವೇಕ. ಬೆಲೆಯನ್ನೂ ಕಾಲವನ್ನೂ ಎಣಿಸದೆ ಬದಲಿಸುವುದು ಅದಕ್ಕಿಂತ ದೊಡ್ಡ ಅವಿವೇಕ. ಆದುದರಿಂದ ಕೇಳುವ ಸೇನೆಯವರೂ ಕಟ್ಟುವ ಎಂಜಿನಿಯರುಗಳೂ ಮೊದಲ ದಿನದಿಂದಲೇ ಒಂದೇ ಪಟ್ಟಿಯ ಮುಂದೆ ಕೂಡಬೇಕು. ಗೋಪ್ಯವಲ್ಲದ ಮಟ್ಟಿಗೆ, ಪೂರೈಸಿದುವೆಷ್ಟು, ಉಳಿದುವೆಷ್ಟು ಎಂಬುದನ್ನು ವರ್ಷಕ್ಕೊಮ್ಮೆ ಪಾರ್ಲಿಮೆಂಟಿನ ಮುಂದಿಡಬೇಕು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಂದ ಎಂಜಿನಿಯರಿಂಗ್ ಓದಲು ಹೊರಟ ತರುಣರಿಗೆ ನಮ್ಮದೊಂದು ಮಾತು: ವಿಮಾನವನ್ನು ಹಾರಿಸುವವನ ಕೀರ್ತಿಯು ಈ ಪಟ್ಟಿಯನ್ನು ಕಾಯುವವನಿಗೆ ಬಾರದು, ಆದರೆ ಅವನು ತಪ್ಪಿದರೆ ಹಾರಿಸುವವನ ಪ್ರಾಣಕ್ಕೇ ಕುತ್ತು. ಅಧಿಕಾರಿಗಳವರೂ ಇದನ್ನು ಮನನಮಾಡಲಿ. ಕೆರೆಯ ಏರಿಯಾಗಲಿ, ಶಾಲೆಯ ಕಟ್ಟಡವಾಗಲಿ, ಬೇಕಾದುದೇನೆಂದು ಮೊದಲೇ ತೂಗಿ ಬರೆಯದ ಕೆಲಸಕ್ಕೆ ಪ್ರಜೆಗಳು ಎರಡು ಬಾರಿ ಹಣ ತೆರಬೇಕಾಗುತ್ತದೆ.